ಮೂರು ತೂಕಗಳು

ಸುತ್ತಲೂ ಕಣ್ಣು ಹರಿಯುವಷ್ಟು ದೂರ ಎರೆಯ ಬಯಲು. ನಡುವೆ ಎದ್ದು ನಿಂತ ಒಂದೇ ಒಂದು ಗುಡ್ಡ. ಅದರ ನೆತ್ತಿಯ ಮೇಲೆ ಹಳೆಯ ಕೋಟೆಯ ಅವಶೇಷ. ಇದು ನರಗುಂದ. 1858ರಲ್ಲಿ ಬಾಬಾಸಾಹೇಬನು ಇಂಗ್ಲಿಷರ ವಿರುದ್ಧ ತಿರುಗಿ ಬಿದ್ದದ್ದು ಇಲ್ಲಿಯೇ. ಗುಡ್ಡದ ಬುಡದಲ್ಲಿ ಹರಡಿಕೊಂಡ ಊರಿಗೆ ಹೊಲವೇ ಜೀವ. ಹತ್ತಿ, ಜೋಳ, ಕಡಲೆಗಳು ಮಾರುಕಟ್ಟೆಗೆ ಬಂದಾಗ ಅಲ್ಲಿ ಕೇಳಿಬರುವ ಮೊದಲ ಮಾತೂ ಕೊನೆಯ ಮಾತೂ ತೂಕದ್ದೇ.

ಅಂಥ ಊರಿನ ಒಂದು ಮನೆಯಲ್ಲಿ, ಮೇ ತಿಂಗಳ ಒಂದು ರಾತ್ರಿ, ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ ಹುಡುಗಿಯೊಬ್ಬಳು ಪ್ರಯೋಗದ ದಾಖಲೆ ಪುಸ್ತಕವನ್ನು ಮುಂದಿಟ್ಟುಕೊಂಡು ಕುಳಿತಿದ್ದಳು. ಪುಟದ ಮೇಲೆ ಮೂರು ಸಂಖ್ಯೆಗಳಿದ್ದವು: 200, 182, 160. ಮೊದಲನೆಯದು ಅವಳು ಕೈಯಿಂದ ಲೆಕ್ಕ ಹಾಕಿ ಪಡೆದದ್ದು. ಎರಡನೆಯದು ಗಣಕಯಂತ್ರ ಹೇಳಿದ್ದು. ಮೂರನೆಯದು ಪ್ರಯೋಗಶಾಲೆಯಲ್ಲಿ ಅಳೆದದ್ದು. ಮೊದಲ ಎರಡನ್ನು ಶಾಯಿಯಲ್ಲಿ ಬರೆದಿದ್ದಳು; ಮೂರನೆಯದು ಮಾತ್ರ ಇನ್ನೂ ಪೆನ್ಸಿಲಿನಲ್ಲಿಯೇ ಇತ್ತು. ಗೆಳತಿಯರ ಪುಸ್ತಕಗಳಲ್ಲಿ ಆ ಜಾಗದಲ್ಲಿ 180, 183, 185 ಎಂಬ ಸಂಖ್ಯೆಗಳಿದ್ದುದನ್ನು ಅವಳು ಕಂಡಿದ್ದಳು. ಅವರಾರೂ ತನಗಿಂತ ಹೆಚ್ಚು ಜಾಣತನದಿಂದ ಅಳೆದವರಲ್ಲವೆಂಬುದೂ ಅವಳಿಗೆ ಗೊತ್ತಿತ್ತು. ಒಂದು ಸಂಖ್ಯೆಯನ್ನು ತಿದ್ದಲು ರಬ್ಬರಿನ ಒಂದು ಚೂರು ಸಾಕು.

ಅವಳು ಅಳೆದ ವಸ್ತುವಾದರೂ ಯಾವುದು? ಅದಕ್ಕೆ ಭೇದವರ್ಧಕ ಎನ್ನಬಹುದು. ಕ್ಷೀಣವಾದ ವಿದ್ಯುತ್ ಸಂಕೇತವನ್ನು ದೊಡ್ಡದು ಮಾಡುವ ಸಾಧನ ವರ್ಧಕ; ಧ್ವನಿವರ್ಧಕದ ಹೊಟ್ಟೆಯಲ್ಲಿರುವುದು ಅದೇ. ಒಳಗೆ ಬಂದ ಸಂಕೇತ ಹೊರಗೆ ಹೋಗುವಾಗ ಎಷ್ಟು ಪಟ್ಟು ದೊಡ್ಡದಾಯಿತೋ ಅದು ಅದರ ವರ್ಧನೆ. ಸಾಮಾನ್ಯ ವರ್ಧಕಕ್ಕೆ ಒಂದೇ ಬಾಗಿಲು. ಬಂದದ್ದನ್ನೆಲ್ಲ, ಗದ್ದಲವನ್ನೂ ಸೇರಿಸಿ, ದೊಡ್ಡದು ಮಾಡುವುದು ಅದರ ಸ್ವಭಾವ. ಭೇದವರ್ಧಕಕ್ಕೆ ಎರಡು ಬಾಗಿಲು. ಎರಡಕ್ಕೂ ಒಂದೇ ಸಮನಾಗಿ ಬಂದದ್ದನ್ನು ಅದು ಬಹುಮಟ್ಟಿಗೆ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಎರಡರ ನಡುವಣ ಅಂತರವನ್ನು ಮಾತ್ರ ಎತ್ತಿ ತೋರಿಸುತ್ತದೆ. ಹೃದಯದ ಮಿಡಿತವನ್ನು ಕಾಗದದ ಮೇಲೆ ಬರೆಯುವ ಯಂತ್ರದಲ್ಲಿ ಇದು ಇರಲೇಬೇಕು. ಏಕೆಂದರೆ ಎದೆಯ ಮೇಲೆ ಸಿಗುವ ಹೃದಯದ ಸಂಕೇತ ಒಂದು ಮಿಲಿವೋಲ್ಟಿನಷ್ಟು. ಮನೆಯ ವಿದ್ಯುತ್ ತಂತಿಗಳಿಂದ ಮೈಗೆ ತಗಲುವ ಗದ್ದಲವೋ ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡದು.

ಈ ಉಪಾಯ ಟ್ರಾನ್ಸಿಸ್ಟರಿಗಿಂತ ಹಳೆಯದು. 1936ರಲ್ಲಿ ಇಂಗ್ಲೆಂಡಿನ ಅಲನ್ ಬ್ಲಮ್‌ಲೈನ್ ಎಂಬ ಇಂಜಿನಿಯರನು ಎರಡು ನಿರ್ವಾತ ಕೊಳವೆಗಳನ್ನು ಹೀಗೆ ಜೊತೆಗೂಡಿಸಿ ಹಕ್ಕುಪತ್ರಕ್ಕೆ ಅರ್ಜಿ ಸಲ್ಲಿಸಿದನು. ಟೆಲಿವಿಷನ್ನಿನ ಚಿತ್ರಸಂಕೇತವನ್ನು ಗದ್ದಲ ಸೇರದಂತೆ ತಂತಿಯ ಮೂಲಕ ದೂರ ಸಾಗಿಸುವ ಸಮಸ್ಯೆ ಅವನ ಮುಂದಿತ್ತು. ಎರಡು ಕೊಳವೆಗಳ ಕೆಳಗೆ ಜೋತುಬಿದ್ದ ಒಂದೇ ರೋಧಕವನ್ನು ಕಂಡು ಜನ ಅದಕ್ಕೆ ಉದ್ದ ಬಾಲದ ಜೋಡಿ ಎಂದು ಹೆಸರಿಟ್ಟರು. ಬ್ಲಮ್‌ಲೈನ್ 1942ರಲ್ಲಿ, ಇನ್ನೂ ಮೂವತ್ತೆಂಟು ವರ್ಷದವನಾಗಿರುವಾಗಲೇ, ರಡಾರ್ ಪರೀಕ್ಷೆಗೆಂದು ಹೋದ ವಿಮಾನದ ಅಪಘಾತದಲ್ಲಿ ತೀರಿಕೊಂಡನು. 1947ರ ಡಿಸೆಂಬರಿನಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಟ್ರಾನ್ಸಿಸ್ಟರು ಹುಟ್ಟಿತು. ಕೊಳವೆಗಳ ಜಾಗಕ್ಕೆ ಟ್ರಾನ್ಸಿಸ್ಟರುಗಳು ಬಂದವು, ಬಾಲ ಹಾಗೆಯೇ ಉಳಿಯಿತು. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯು 1962ರಲ್ಲಿ ಜರ್ಮೇನಿಯಮ್ ಸಾಧನಗಳ ತಯಾರಿಕೆಯನ್ನು ಆರಂಭಿಸಿದ ಮೇಲೆ ಕನ್ನಡ ನಾಡಿಗೂ ಈ ವಿದ್ಯೆ ದೂರದ್ದಾಗಿ ಉಳಿಯಲಿಲ್ಲ.

ಜೋಡಿಯ ಕೆಲಸವನ್ನು ತಿಳಿಯಲು ಮಲಪ್ರಭೆಯ ಕಾಲುವೆಯನ್ನು ಕಂಡವರಿಗೆ ಕಷ್ಟವಿಲ್ಲ. ಮೇಲಿನಿಂದ ಬರುವ ನೀರು ಇಂತಿಷ್ಟೇ ಎಂದಿಟ್ಟುಕೊಳ್ಳೋಣ. ಅದು ಅಕ್ಕಪಕ್ಕದ ಎರಡು ಹೊಲಗಳಿಗೆ ಎರಡು ಬಾಗಿಲುಗಳ ಮೂಲಕ ಹಂಚಿಕೆಯಾಗುತ್ತದೆ. ಎರಡೂ ಬಾಗಿಲುಗಳನ್ನು ಒಂದೇ ಸಮ ಎತ್ತಿದರೆ ಹಂಚಿಕೆ ಬದಲಾಗದು. ಒಂದನ್ನು ತುಸು ಹೆಚ್ಚು ಎತ್ತಿದರೆ ಅಲ್ಲಿಗೆ ಹೆಚ್ಚಿದ ನೀರೆಲ್ಲ ಇನ್ನೊಂದು ಹೊಲದಿಂದ ಕಡಿಮೆಯಾಗುತ್ತದೆ. ಟ್ರಾನ್ಸಿಸ್ಟರಿಗೆ ಎಮಿಟರ್, ಬೇಸ್, ಕಲೆಕ್ಟರ್ ಎಂದು ಮೂರು ಕಾಲುಗಳು. ಎರಡು ಟ್ರಾನ್ಸಿಸ್ಟರುಗಳ ಎಮಿಟರುಗಳು ಒಂದಾಗಿ ಸೇರುವ ಬಾಲದಲ್ಲಿ ಹರಿಯುವ ಪ್ರವಾಹ ಗೊತ್ತಾದ ಪ್ರಮಾಣದ್ದು, ಬೇಸುಗಳೇ ಬಾಗಿಲುಗಳು, ಕಲೆಕ್ಟರುಗಳಿಗೆ ಸೇರಿದ ರೋಧಕಗಳ ಮೇಲೆ ಫಲವನ್ನು ಓದಿಕೊಳ್ಳಬೇಕು. ಅಂದಹಾಗೆ, ಕಾಗದದ ಲೆಕ್ಕಕ್ಕೂ ಹೊಲದ ಲೆಕ್ಕಕ್ಕೂ ನಡುವಣ ಜಗಳ ಈ ಊರಿಗೆ ಹೊಸದಲ್ಲ. 1980ರ ಜುಲೈ 21ರಂದು ನೀರಾವರಿ ಕರಗಳ ವಿರುದ್ಧ ಎದ್ದ ರೈತರ ಮೇಲೆ ಇಲ್ಲಿ ಗುಂಡು ಹಾರಿತು. ನೀರು ಸರಿಯಾಗಿ ತಲುಪದ ಹೊಲಕ್ಕೂ ಕರ ಕೇಳುತ್ತಾರೆಂಬುದು ಅವರ ದೂರುಗಳಲ್ಲಿ ಒಂದಾಗಿತ್ತು.

ಹುಡುಗಿಯ ಮಂಡಲದಲ್ಲಿ ಬಾಲದ ಪ್ರವಾಹ ಒಂದು ಮಿಲಿ ಆಂಪಿಯರ್. ಒಂದೊಂದು ಟ್ರಾನ್ಸಿಸ್ಟರಿಗೆ ಅರ್ಧ. ಕಲೆಕ್ಟರಿನ ರೋಧಕಗಳು ತಲಾ 10,000 ಓಮ್. ಪಠ್ಯಪುಸ್ತಕದ ಸೂತ್ರ ಬಹು ಸರಳ. 25 ಮಿಲಿವೋಲ್ಟನ್ನು ಅರ್ಧ ಮಿಲಿ ಆಂಪಿಯರಿನಿಂದ ಭಾಗಿಸಿದರೆ 50 ಓಮ್. ಇದು ಟ್ರಾನ್ಸಿಸ್ಟರಿನ ಒಡಲಲ್ಲೇ ಅಡಗಿರುವ ಎಮಿಟರಿನ ರೋಧ. ಹತ್ತು ಸಾವಿರವನ್ನು ಐವತ್ತರಿಂದ ಭಾಗಿಸಿದರೆ 200. ಅಂಗೈಯ ಮೇಲೆ ಬರೆದುಕೊಳ್ಳಬಹುದಾದಷ್ಟು ಚಿಕ್ಕ ಲೆಕ್ಕ! ಇಂಥ ಲೆಕ್ಕಗಳ ಸೊಗಸನ್ನು ಹೀಗಳೆಯುವುದು ಸಲ್ಲದು. ಇನ್ನೂ ಕಟ್ಟದ ಮಂಡಲದ ಫಲವನ್ನು ಅವು ಹತ್ತರಲ್ಲಿ ಒಂಬತ್ತು ಪಾಲು ಸರಿಯಾಗಿ ಹೇಳಬಲ್ಲವು.

ಗಣಕಯಂತ್ರವು 182 ಎಂದದ್ದೇಕೆ? ಅದಕ್ಕೆ ಕಾರಣಗಳನ್ನು ಹುಡುಗಿ ಮೊದಲೇ ಕಂಡುಕೊಂಡಿದ್ದಳು. ಮಂಡಲವನ್ನು ನಿಜವಾಗಿ ಕಟ್ಟದೆ ಗಣಕಯಂತ್ರದೊಳಗೆ ಸಮೀಕರಣಗಳಿಂದಲೇ ಕಟ್ಟಿ ನಡೆಸಿ ನೋಡುವ ಕ್ರಮಕ್ಕೆ ಸಿಮ್ಯುಲೇಷನ್ ಎಂದು ಹೆಸರು. ಈ ಕೆಲಸಕ್ಕೆ ಲೋಕಪ್ರಸಿದ್ಧವಾದ ಸ್ಪೈಸ್ ಎಂಬ ಕ್ರಮವಿಧಿಯನ್ನು ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಲಾರೆನ್ಸ್ ನೇಗಲ್ ಎಂಬ ವಿದ್ಯಾರ್ಥಿಯು ತನ್ನ ಗುರು ಡೊನಾಲ್ಡ್ ಪೆಡರ್ಸನ್ನರ ಮಾರ್ಗದರ್ಶನದಲ್ಲಿ ರಚಿಸಿ 1973ರಲ್ಲಿ ಲೋಕದ ಮುಂದಿಟ್ಟನು. ಬೇಡಿದವರಿಗೆಲ್ಲ ಅದನ್ನು ಹಂಚಿದ್ದರಿಂದ ದೇಶದೇಶಗಳಲ್ಲಿ ಅದು ಬೇರೂರಿತು. ಇಂದು ಅದರ ವಂಶದ ಕ್ರಮವಿಧಿಗಳು ಬಡ ವಿದ್ಯಾರ್ಥಿಗೂ ಹಣವಿಲ್ಲದೆ ದೊರೆಯುತ್ತವೆ. ಕೈಲೆಕ್ಕ ಬಿಟ್ಟುಬಿಡುವ ಸಣ್ಣಪುಟ್ಟ ಸಂಗತಿಗಳನ್ನು ಅದು ಬಿಡುವುದಿಲ್ಲ. ಸೂತ್ರದ 25 ಮಿಲಿವೋಲ್ಟು ಉಷ್ಣತೆಯನ್ನು ಅನುಸರಿಸಿ ಬದಲಾಗುವಂಥದು. 17 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಅದು 25, 27 ಡಿಗ್ರಿಯಲ್ಲಿ ಸುಮಾರು 25.9. ನರಗುಂದದ ಸೀಮೆಯಲ್ಲಿ 17 ಡಿಗ್ರಿಯನ್ನು ಚಳಿಗಾಲದ ನಸುಕಿನಲ್ಲಲ್ಲದೆ ಬೇರೆಲ್ಲಿ ಕಾಣಬೇಕು? ಗಣಕಯಂತ್ರವು, ಬೇರೆ ಹೇಳದಿದ್ದರೆ, 27 ಎಂದೇ ಹಿಡಿಯುತ್ತದೆ. ಇನ್ನೊಂದು ಕಾರಣವನ್ನು 1952ರಲ್ಲಿ ಜೇಮ್ಸ್ ಅರ್ಲಿ ಎಂಬವನು ವಿವರಿಸಿದ್ದನು. ಕಲೆಕ್ಟರಿನ ಮೇಲಿನ ಒತ್ತಡ ಬದಲಾದರೆ ಪ್ರವಾಹವೂ ತುಸು ಬದಲಾಗುತ್ತದೆ. ಹತ್ತು ಸಾವಿರ ಓಮಿನ ರೋಧಕದ ಬದಿಯಲ್ಲಿ ಒಂದೂವರೆ ಲಕ್ಷಕ್ಕೂ ಮಿಕ್ಕಿದ ಇನ್ನೊಂದು ರೋಧಕ ಕಣ್ಣಿಗೆ ಕಾಣದೆ ನಿಂತಂತೆ ಇದು. ಈ ಎರಡು ಸೇರಿ 200ನ್ನು 182ಕ್ಕೆ ಇಳಿಸಿದ್ದವು. ಅಲ್ಲಿಗೆ ಸರಿ.

ಆದರೆ 160?

ವಿದ್ಯುತ್ತು ಹೋಯಿತು. ಬೀಸಣಿಗೆ ನಿಂತಿತು. ಹುಡುಗಿ ಲಾಟೀನು ಹಚ್ಚಿದ್ದನ್ನು ಕಂಡು, ಹೊರಗೆ ಕಟ್ಟೆಯ ಮೇಲೆ ಮಲಗಿದ್ದ ಅಜ್ಜ ಎದ್ದು ಒಳಗೆ ಬಂದರು. ಅವರು ಬಾಳಿನ ಬಹುಭಾಗವನ್ನು ಮಾರುಕಟ್ಟೆಯಲ್ಲಿ ಹತ್ತಿ ತೂಗುವುದರಲ್ಲಿ ಕಳೆದವರು. ಆಳೆತ್ತರದ ತಕ್ಕಡಿ, ಕಬ್ಬಿಣದ ಕಲ್ಲುಗಳು, ನೋಡುತ್ತ ನಿಂತ ರೈತ: ಇದು ಅವರ ಪ್ರಪಂಚವಾಗಿತ್ತು. ವಿದ್ಯುತ್ ಕಾಟಾಗಳು ಬಂದ ಮೇಲೆ ಆ ತಕ್ಕಡಿ ಮೂಲೆ ಸೇರಿತು.

"ಯಾಕವ್ವಾ, ಇನ್ನೂ ಮಲಗಿಲ್ಲೇನು?"

"ಮೂರು ಲೆಕ್ಕ ಬಂದಾವ ಅಜ್ಜಾ. ಒಂದಕ್ಕೊಂದು ಕೂಡವಲ್ಲವು."

ಅಜ್ಜ ನಕ್ಕರು. "ತೂಕದಾಗ ಮೂರು ಲೆಕ್ಕ ಬರೋದು ಹೊಸಾದೇನಲ್ಲ. ಹೊಲದಾಗ ನಿಂತು ನೋಡಿದಾಗ ಒಂದು, ಮನ್ಯಾಗ ತೂಗಿದಾಗ ಒಂದು, ಪ್ಯಾಟ್ಯಾಗ ಒಂದು."

"ಅದರಾಗ ಖರೆ ಯಾವುದು?"

"ಅದನ್ನ ಆಮ್ಯಾಲೆ ನೋಡೂಣಂತ. ಮೊದಲ ತಟ್ಟಿ ಅದಲಬದಲ ಮಾಡಿ ನೋಡೀಯೇನು?"

ಇದು ಹಳೆಯ ತೂಕದವರ ಪರೀಕ್ಷೆ. ಸರಕನ್ನು ಒಮ್ಮೆ ಬಲತಟ್ಟೆಯಲ್ಲಿಟ್ಟು, ಮತ್ತೊಮ್ಮೆ ಎಡತಟ್ಟೆಯಲ್ಲಿಟ್ಟು ತೂಗಬೇಕು. ಎರಡು ಸಲವೂ ಒಂದೇ ತೂಕ ಬಂದರೆ ತಕ್ಕಡಿ ನೆಟ್ಟಗಿದೆ. ಇಲ್ಲವಾದರೆ ಅದರಲ್ಲಿಯೇ ದೋಷವಿದೆ. ತಟ್ಟೆಯೊಂದು ಹಗುರವಾಗಿದ್ದರೆ ಅದಕ್ಕೆ ಸಣ್ಣದೊಂದು ಕಲ್ಲು ಕಟ್ಟಿ ಸಮಮಾಡಿಕೊಳ್ಳುತ್ತಿದ್ದರು. ಅಜ್ಜನಿಗೆ ಟ್ರಾನ್ಸಿಸ್ಟರಿನ ಗಂಧವಿಲ್ಲದಿದ್ದರೂ, ಎರಡು ತಟ್ಟೆಗಳಿರುವ ಯಾವ ಸಾಧನವೇ ಆಗಲಿ, ಅದನ್ನು ಪ್ರಶ್ನಿಸುವ ಬಗೆ ಅವರಿಗೆ ತಿಳಿದಿತ್ತು.

ಹುಡುಗಿಗೆ ಥಟ್ಟನೆ ಒಂದು ನೆನಪಾಯಿತು. ಎರಡು ಬೇಸುಗಳಿಗೂ ಯಾವ ಸಂಕೇತವನ್ನೂ ಕೊಡದಿದ್ದಾಗ ಕಲೆಕ್ಟರುಗಳ ನಡುವೆ ಸೊನ್ನೆ ಇರಬೇಕಾಗಿತ್ತು. ಅಂದು ಮೀಟರು 0.3 ವೋಲ್ಟು ತೋರಿಸಿತ್ತು. ಬರಿಯ ತಕ್ಕಡಿಯೇ ಒಂದು ಕಡೆ ವಾಲಿತ್ತು! ಆಗ ಅದನ್ನು ಸಣ್ಣ ಸಂಗತಿಯೆಂದು ಬಿಟ್ಟಿದ್ದಳು. ಮಂಡಲದ ಬಿಡಿಭಾಗಗಳು ತಗಡಿನ ಡಬ್ಬಿಯಲ್ಲಿದ್ದವು. ಕಂದು, ಕಪ್ಪು, ಕಿತ್ತಳೆ, ಚಿನ್ನದ ಪಟ್ಟಿಗಳಿದ್ದ ಆ ಎರಡು ರೋಧಕಗಳನ್ನು ಲಾಟೀನಿನ ಬೆಳಕಿನಲ್ಲಿ ಮೀಟರಿಗೆ ಹಿಡಿದಳು. ಪಟ್ಟಿಗಳ ಪ್ರಕಾರ ಎರಡೂ 10,000 ಓಮ್. ಮೀಟರಿನ ಪ್ರಕಾರ ಒಂದು 9,700, ಇನ್ನೊಂದು 9,500. ಇದರಲ್ಲಿ ಮಾರಿದವನ ಮೋಸವೇನೂ ಇಲ್ಲ. ಚಿನ್ನದ ಪಟ್ಟಿಯ ಅರ್ಥವೇ ನೂರಕ್ಕೆ ಐದರಷ್ಟು ಹೆಚ್ಚುಕಡಿಮೆ ಇರಬಹುದೆಂದು. 200 ಓಮಿನ ಅಂತರದಲ್ಲಿ ಅರ್ಧ ಮಿಲಿ ಆಂಪಿಯರ್ ಹರಿದರೆ 0.1 ವೋಲ್ಟು, ಉಳಿದ 0.2ಕ್ಕೆ ಎರಡು ಟ್ರಾನ್ಸಿಸ್ಟರುಗಳ ನಡುವಣ ಒಂದು ಮಿಲಿವೋಲ್ಟಿನಷ್ಟು ಭೇದವೇ ಸಾಕು. ವಾಲಿದ್ದಕ್ಕೆ ಕಾರಣ ಸಿಕ್ಕಿತು. ಅಷ್ಟೇ ಅಲ್ಲ, ರೋಧಕಗಳ ಸರಾಸರಿ 9,600 ಎಂದಾದ ಮೇಲೆ ವರ್ಧನೆಯೂ 182ರಿಂದ 175ಕ್ಕೆ ಇಳಿಯಬೇಕು.

ಅಜ್ಜ ಹೆಗಲ ಮೇಲಿನ ಟವೆಲ್ಲಿನಿಂದ ಕುತ್ತಿಗೆಯ ಬೆವರು ಒರೆಸಿಕೊಂಡು, "ಏನು ಝಳಾನವ್ವಾ ಇದು" ಎಂದರು. ಅದು ಯಾರೂ ಆಡುವ ಮಾತು. ಆದರೆ ಪ್ರಯೋಗ ಮಾಡಿದ ಮಧ್ಯಾಹ್ನ ಗೋಡೆಯ ಉಷ್ಣಮಾಪಕ 35 ಡಿಗ್ರಿ ತೋರಿಸುತ್ತಿದ್ದುದನ್ನು ಹುಡುಗಿ ಪುಟದ ಅಂಚಿನಲ್ಲಿ ಗುರುತು ಹಾಕಿಕೊಂಡಿದ್ದಳು. ಆ ಉಷ್ಣತೆಗೆ 25.9ರ ಬದಲು ಸುಮಾರು 26.6 ಮಿಲಿವೋಲ್ಟು. ವರ್ಧನೆ 170ರ ಹತ್ತಿರಕ್ಕೆ ಬಂತು.

ಇನ್ನೊಂದು ಕಾರಣ ಸುಲಭವಾಗಿ ಸಿಕ್ಕಲಿಲ್ಲ. ಕೈಲೆಕ್ಕದ ಸೂತ್ರವೂ ಗಣಕಯಂತ್ರದ ಮೊದಲ ಲೆಕ್ಕವೂ ಒಂದು ಷರತ್ತನ್ನು ಒಳಗೊಂಡಿದ್ದವು: ಕೊಡುವ ಸಂಕೇತ ಅತಿ ಸಣ್ಣದಾಗಿರಬೇಕು. ಪುಸ್ತಕದಲ್ಲಿ ಈ ಮಾತು ಅರ್ಧ ಸಾಲಿನಲ್ಲಿ ಮುಗಿದಿರುತ್ತದೆ. ಓದುವವರು ಅದನ್ನು ದಾಟಿಹೋಗುವುದೇ ಹೆಚ್ಚು. ಪರದೆಯ ಮೇಲೆ ಅಲೆ ಸ್ಪಷ್ಟವಾಗಿ ಕಾಣಲೆಂದು ಹುಡುಗಿ 20 ಮಿಲಿವೋಲ್ಟು ಎತ್ತರದ ಸಂಕೇತ ಕೊಟ್ಟಿದ್ದಳು. ಈ ಜೋಡಿಯ ಪಾಲಿಗೆ ಅದೇನೂ ಅತಿ ಸಣ್ಣದಲ್ಲ. ಕಾಲುವೆಯ ಒಂದು ಬಾಗಿಲನ್ನು ಎತ್ತುತ್ತ ಹೋದಂತೆ ಪಕ್ಕದ ಹೊಲದಿಂದ ಕಿತ್ತುಕೊಳ್ಳಲು ನೀರೇ ಕಡಿಮೆಯಾಗುತ್ತ ಬರುವುದಿಲ್ಲವೆ? ಹಾಗೆಯೇ ಸಂಕೇತ ಬೆಳೆದಂತೆ ಅಲೆಯ ತುದಿಗಳು ಕುಗ್ಗುತ್ತವೆ. 20 ಮಿಲಿವೋಲ್ಟಿಗೆ ಈ ಕುಗ್ಗುವಿಕೆ ನೂರಕ್ಕೆ ನಾಲ್ಕೂವರೆಯಷ್ಟು.

ವಿದ್ಯುತ್ತು ಬರುವವರೆಗೆ ಕಾಯುವ ತಾಳ್ಮೆ ಅವಳಿಗೆ ಉಳಿದಿರಲಿಲ್ಲ. ಮಡಿಲ ಗಣಕದಲ್ಲಿ ಇದ್ದಷ್ಟು ಶಕ್ತಿಯಲ್ಲಿಯೇ ಮಂಡಲವನ್ನು ಹೊಸದಾಗಿ ಹೂಡಿದಳು. ರೋಧಕಗಳು 9,700 ಮತ್ತು 9,500, ಉಷ್ಣತೆ 35, ಸಂಕೇತ 20 ಮಿಲಿವೋಲ್ಟು, ಅಲೆಯನ್ನು ಕ್ಷಣಕ್ಷಣಕ್ಕೂ ಎಣಿಸುವ ವಿಧಾನ. ಉತ್ತರ ಬಂತು: 163.

182 ಎಂದು ಹೇಳಿದ್ದ ಯಂತ್ರವೇ ಈಗ 163 ಎನ್ನುತ್ತಿತ್ತು. ಮೊದಲ ಸಲವೂ ಅದು ಸುಳ್ಳು ಹೇಳಿರಲಿಲ್ಲ. ಕೇಳಿದ ಪ್ರಶ್ನೆಗೆ ಸರಿಯಾದ ಉತ್ತರವನ್ನೇ ಕೊಟ್ಟಿತ್ತು. ಪಟ್ಟಿಯ ಮೇಲೆ ಬರೆದಂತೆಯೇ ಇರುವ ರೋಧಕ, 27 ಡಿಗ್ರಿಯ ಕೋಣೆ, ಇಲ್ಲವೆನ್ನುವಷ್ಟು ಸಣ್ಣ ಸಂಕೇತ, ಇವುಗಳಿಂದಾದ ಮಂಡಲಕ್ಕೆ ಅದು ಉತ್ತರ. ಅಂಥ ಮಂಡಲ ಹುಬ್ಬಳ್ಳಿಯ ಆ ಮೇಜಿನ ಮೇಲೆ ಇರಲಿಲ್ಲ.

"ಕೂಡಿತೇನು?" ಎಂದು ಅಜ್ಜ ಕೇಳಿದರು.

"ಮೂರು ಉಳೀತು ಅಜ್ಜಾ."

ಹುಡುಗಿ ಅಜ್ಜನಿಗೆ ಇನ್ನೊಂದು ಸಂಗತಿಯನ್ನೂ ಹೇಳಿದಳು. ಅವರ ತಕ್ಕಡಿಯನ್ನು ಮೂಲೆಗೆ ಸೇರಿಸಿದ ವಿದ್ಯುತ್ ಕಾಟಾದ ಒಳಗಿರುವುದೂ ಒಂದು ಭೇದವರ್ಧಕವೇ. ಮೂಟೆಯ ಭಾರಕ್ಕೆ ಒಳಗಿನ ಲೋಹದ ತುಂಡು ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಅದಕ್ಕೆ ಅಂಟಿಸಿದ ತೆಳುವಾದ ರೋಧಕಗಳಲ್ಲಿ ಕೆಲವು ಮಿಲಿವೋಲ್ಟುಗಳ ಭೇದ ಹುಟ್ಟುತ್ತದೆ. ವರ್ಧಕ ಅದನ್ನು ದೊಡ್ಡದು ಮಾಡಿದ ಮೇಲೆಯೇ ಅಂಕಿಗಳು ಮೂಡುವುದು. ಅಜ್ಜ ಸುಮ್ಮನೆ ಕೇಳುತ್ತಿದ್ದರು. ಅನಂತರ ತಮ್ಮ ರೀತಿಯ ಒಂದೇ ಪ್ರಶ್ನೆ ಕೇಳಿದರು: ನೂರ ಅರವತ್ತು ಇರುವುದನ್ನು ನೂರ ಎಂಬತ್ತೆರಡೆಂದು ನಂಬಿ ಕಾಟಾ ಮಾಡಿದರೆ ಒಂದು ಕ್ವಿಂಟಲ್ ಹತ್ತಿ ಎಷ್ಟು ತೂಗೀತು?

ಹುಡುಗಿ ಪುಟದ ಮೂಲೆಯಲ್ಲಿ ಲೆಕ್ಕ ಹಾಕಿದಳು. 160ನ್ನು 182ರಿಂದ ಭಾಗಿಸಿ ನೂರರಿಂದ ಗುಣಿಸಿದರೆ 88. ನೂರು ಕಿಲೋ ಹತ್ತಿ ತಂದ ರೈತ ಎಂಬತ್ತೆಂಟು ಕಿಲೋದ ಹಣ ತೆಗೆದುಕೊಂಡು ಮನೆಗೆ ಹೋಗುತ್ತಿದ್ದ. ಮಾರುಕಟ್ಟೆಯ ಕಾಟಾಗಳನ್ನು ತಿಳಿದ ತೂಕದ ಕಲ್ಲುಗಳಿಂದ ಕಾಲಕಾಲಕ್ಕೆ ಪರೀಕ್ಷಿಸಿ ಮುದ್ರೆ ಹಾಕಬೇಕೆಂಬ ಕಾಯಿದೆ ಇರುವುದು ಇಂಥ ಕಾರಣಕ್ಕೆ. ದಾಖಲೆ ಪುಸ್ತಕಕ್ಕೆ ಅಂಥ ಮುದ್ರೆಯವರು ಯಾರೂ ಬರುವುದಿಲ್ಲ.

ಅವಳು ಪೆನ್ಸಿಲಿನ 160ರ ಮೇಲೆ ಶಾಯಿಯಿಂದ 160 ಎಂದೇ ಬರೆದಳು. ಕೆಳಗೆ ರೋಧಕಗಳ ಅಳತೆ, ಉಷ್ಣತೆ, ಸಂಕೇತದ ಎತ್ತರ, ಹೊಸ ಲೆಕ್ಕ ಎಲ್ಲವೂ ಬಂದವು. ಕೊನೆಗೆ ಒಂದು ಸಾಲು: ಉಳಿದ 3ಕ್ಕೆ ಕಾರಣ ತಿಳಿದಿಲ್ಲ, ಪರದೆಯ ಮೇಲೆ ಅಲೆಯ ಎತ್ತರ ಓದುವುದರಲ್ಲಿ ಆದ ತಪ್ಪು ಇರಬಹುದು.

ರಜೆ ಮುಗಿದ ಮೇಲೆ ಹುಬ್ಬಳ್ಳಿಯಲ್ಲಿ ಅವಳು ಎರಡು ಎಮಿಟರುಗಳಿಗೂ 100 ಓಮಿನ ಒಂದೊಂದು ರೋಧಕವನ್ನು ಸೇರಿಸಿ ಪ್ರಯೋಗವನ್ನು ಮತ್ತೆ ನಡೆಸಿದಳು. ಟ್ರಾನ್ಸಿಸ್ಟರಿನ ಸ್ವಂತದ ಐವತ್ತು ಓಮ್ ಉಷ್ಣತೆಯೊಡನೆ ಕುಣಿಯುವಂಥದು. ಹೊರಗಿನಿಂದ ಸೇರಿಸಿದ ನೂರು ಓಮ್ ಬಹುಮಟ್ಟಿಗೆ ಸ್ಥಿರವಾದದ್ದು. ಈ ಸಲ ಕೈಲೆಕ್ಕ 67 ಎಂದಿತು, ಗಣಕಯಂತ್ರ 64 ಎಂದಿತು, ಅಳತೆ 61ಕ್ಕೆ ಬಂತು. ಮೊದಲ ಸಲ ಕೈಲೆಕ್ಕಕ್ಕೂ ಅಳತೆಗೂ ನೂರಕ್ಕೆ ಇಪ್ಪತ್ತರಷ್ಟು ಅಂತರವಿದ್ದದ್ದು ಈಗ ಒಂಬತ್ತಕ್ಕೆ ಇಳಿದಿತ್ತು. ಮೂರು ಲೆಕ್ಕಗಳು ಹತ್ತಿರ ಬಂದವು. ಅದಕ್ಕೆ ತೆತ್ತ ಬೆಲೆ, ವರ್ಧನೆಯಲ್ಲಿ ಮೂರರಲ್ಲಿ ಎರಡು ಪಾಲಿನ ಹತ್ತಿರಹತ್ತಿರ.

ಸುದ್ದಿಯನ್ನು ಅಂದೇ ಸಂಜೆ ಫೋನಿನಲ್ಲಿ ಅಜ್ಜನಿಗೆ ತಿಳಿಸಿದಳು. ಅವರು ಅರವತ್ತೊಂದನ್ನೂ ಅರವತ್ತೇಳನ್ನೂ ಅಷ್ಟಾಗಿ ಮನಸ್ಸಿಗೆ ಹಾಕಿಕೊಂಡಂತೆ ಕಾಣಲಿಲ್ಲ.

"ಅವತ್ತಿನ ಆ ಮೂರು ಎಲ್ಲಿ ಹೋಗಿತ್ತು, ಗೊತ್ತಾತೇನು?"

"ಇನ್ನೂ ಇಲ್ಲ ಅಜ್ಜಾ. ಹುಡುಕಾಕಹತ್ತೀನಿ."